ಮಾಟೋಳಿಯ ಊಸರವಳ್ಳಿ

ಗೋವೆಯ ಚೌತಿಯನ್ನು ಕಂಡವರಿಗೆ ಮಾಟೋಳಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಕಾಣದವರಿಗಾಗಿ ಎರಡು ಮಾತು. ಗಣಪತಿಯನ್ನು ಕೂರಿಸುವ ಸ್ಥಳದ ಮೇಲ್ಗಡೆ ಮಾಡಿಗೆ ಮರದ ಚೌಕಟ್ಟೊಂದನ್ನು ತೂಗುಹಾಕಿ, ಆ ಋತುವಿನಲ್ಲಿ ಕಾಡು ತೋಟಗಳಲ್ಲಿ ದೊರೆಯುವ ಹಣ್ಣು, ಕಾಯಿ, ಹೂ, ಸೊಪ್ಪುಗಳನ್ನೆಲ್ಲ ಅದಕ್ಕೆ ಕಟ್ಟುತ್ತಾರೆ. ಅಡಿಕೆಯ ಗೊನೆ, ತೆಂಗಿನಕಾಯಿ, ಹಾಗಲ, ಸೌತೆ, ಮಾವಿನ ಟೊಂಗೆಗಳ ಜೊತೆಗೆ ಕಾಂಗಲಾ, ಕವಂಡಳದಂತಹ ಕಾಡುಫಲಗಳೂ ಅಲ್ಲಿ ತೂಗುತ್ತವೆ. ಉತ್ತರ ಕನ್ನಡದ ಕರಾವಳಿಯವರು ಇದನ್ನೇ ಫಲಾವಳಿ ಎನ್ನುತ್ತಾರೆ. ಹಬ್ಬಕ್ಕೆ ಎರಡು ದಿನ ಮುಂಚಿನಿಂದಲೇ ಗುಡ್ಡಬೆಟ್ಟಗಳನ್ನು ಅಲೆದು ಇವನ್ನೆಲ್ಲ ಕೂಡಿಸುವುದು ಗೋವೆಯ ಹಳ್ಳಿಗರಿಗೆ ಪೂಜೆಯಷ್ಟೇ ಮುಖ್ಯವಾದ ಕೆಲಸ.

ಕಳೆದ ಚೌತಿಯ ಹಿಂದಿನ ಸಂಜೆ ಫೋಂಡಾದಲ್ಲಿರುವ ನಮ್ಮ ಪಕ್ಕದ ಮನೆಯಲ್ಲಿ ಮಾಟೋಳಿ ಕಟ್ಟುವ ಸಂಭ್ರಮ ನಡೆದಿತ್ತು. ಆ ಮನೆಯ ಹಿರಿಯರು ಉಸ್‌ಗಾಂವ್ ಕಡೆಯ ಗುಡ್ಡದಿಂದ ಬಳ್ಳಿ ಟೊಂಗೆಗಳ ದೊಡ್ಡ ಹೊರೆಯನ್ನೇ ತಂದಿದ್ದರು. ಇದ್ದಕ್ಕಿದ್ದಂತೆ ಮಕ್ಕಳ ಕಿರುಚಾಟ ಕೇಳಿಸಿತು. ಏನಾಯಿತೋ ಎಂದು ಓಡಿ ಹೋಗಿ ನೋಡಿದರೆ, ಕಾಂಗಲಾದ ಗೊಂಚಲಿನ ನಡುವೆ ನನ್ನ ಕಿರುಬೆರಳಿನುದ್ದದ ಒಂದು ಎಲೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿತ್ತು. ಗಾಳಿಯಿರಲಿಲ್ಲ. ಇನ್ನೂ ಬಾಗಿ ನೋಡಿದಾಗ ಎಲೆಗೆ ಕಣ್ಣಿರುವುದು ತಿಳಿಯಿತು. ಆ ಕಣ್ಣು ನನ್ನನ್ನು ನೋಡುತ್ತಿತ್ತು. ಇನ್ನೊಂದು ಕಣ್ಣು ಅದೇ ಹೊತ್ತಿನಲ್ಲಿ ಪೊರಕೆ ಹಿಡಿದು ನಿಂತಿದ್ದ ಮನೆಯಾಕೆಯನ್ನು ನೋಡುತ್ತಿತ್ತು. ಊಸರವಳ್ಳಿಯ ಮರಿ!

“ಹಾತ್ ಲಾಯ್ನಾಕಾ ಸರ್, ವಿಖಾರಿ ಆಸಾ,” ಎಂದರು ವೈನಿ. ಮುಟ್ಟಬೇಡಿ, ವಿಷವಿದೆ ಎಂದು. ಊಸರವಳ್ಳಿಗೆ ವಿಷವಿಲ್ಲವೆಂಬುದನ್ನು ನಾನು ಎಲ್ಲಿಯೋ ಓದಿದ್ದೆ. ಆದರೆ ಓದಿದ್ದನ್ನು ನಂಬಿ ಕೈ ಚಾಚುವಷ್ಟು ಧೈರ್ಯ ನನಗೂ ಇರಲಿಲ್ಲ. ಹಬ್ಬದ ಮುನ್ನಾದಿನ ಮನೆಯೊಳಗೆ ಜೀವಹತ್ಯೆ ಬೇಡವೆಂದು ಅವರ ಅತ್ತೆಯವರು ಗದರಿದ್ದರಿಂದ ಪೊರಕೆ ಕೆಳಗಿಳಿಯಿತು. ಆ ಟೊಂಗೆಯಷ್ಟನ್ನೇ ಕತ್ತರಿಸಿಕೊಂಡು, ದೀಪ ಹಿಡಿದವನಂತೆ ಎರಡೂ ಕೈಗಳಲ್ಲಿ ಜೋಪಾನವಾಗಿ ಹಿಡಿದು ನಮ್ಮ ಮನೆಗೆ ತಂದೆ.

ಇಲ್ಲಿಂದ ಮುಂದಿನದು ನನ್ನ ಅಜ್ಞಾನದ ಕಥೆ.

ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಯೊಂದು ಖಾಲಿಯಿತ್ತು. ಅದನ್ನು ತೊಳೆದು ಒರೆಸಿ, ತಳಕ್ಕೆ ಹುಲ್ಲು ಹಾಸಿ, ಒಂದು ಬಟ್ಟಲಲ್ಲಿ ನೀರಿಟ್ಟು, ಟೊಂಗೆಯ ಸಮೇತ ಮರಿಯನ್ನು ಅದರೊಳಗಿಟ್ಟೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕುಳಿತೆ. ಅತಿಥಿಗೆ ಇದಕ್ಕಿಂತ ಒಳ್ಳೆಯ ಕೋಣೆ ಬೇಕೇ ಎಂಬ ಹೆಮ್ಮೆಯೂ ಒಳಗೊಳಗೇ ಇತ್ತು. ಹತ್ತು ನಿಮಿಷ ಕಳೆಯುವುದರೊಳಗೆ ಎಳೆಯ ಹಸಿರಿನ ಮರಿ ಮಾಸಲು ಕಂದಾಗಿ, ಮೈಮೇಲೆಲ್ಲ ಕಪ್ಪು ಚುಕ್ಕೆಗಳೆದ್ದು, ಕೊನೆಗೆ ಸುಟ್ಟ ಕಡ್ಡಿಯಂತಾಯಿತು. ಬಾಯಿ ತೆರೆಯಿತು, ಪಕ್ಕೆಗಳನ್ನು ಉಬ್ಬಿಸಿತು, ಗಾಜಿನತ್ತ ತಿರುಗಿ ಒಂದೇ ಸಮನೆ ಬಾಯಿ ಕಳೆಯತೊಡಗಿತು. “ನೋಡಿದಿರಾ, ಬಣ್ಣ ಬದಲಾಯಿಸುತ್ತಿದೆ!” ಎಂದು ನಾನು ಹೆಂಡತಿಯನ್ನು ಕೂಗಿ ಕರೆದೆ. ಆಕೆ ಬಂದು ಅರೆಗಳಿಗೆ ನೋಡಿ, “ಬಣ್ಣ ಬದಲಾಯಿಸುತ್ತಿಲ್ಲರೀ, ಅದು ಸಾಯುತ್ತಿದೆ,” ಎಂದಳು.

ಗಾಬರಿಯಿಂದ ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ಗದರಿದರು. ಮೊದಲನೆಯದಾಗಿ, ಅದನ್ನು ಸಾಕುವ ಯೋಚನೆಯನ್ನೇ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದ ಜೀವಿ ಅದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಎರಡನೆಯದಾಗಿ, ಅರಣ್ಯ ಇಲಾಖೆಗೆ ಈಗಲೇ ತಿಳಿಸಬೇಕು. ಮೂರನೆಯದಾಗಿ, ಆ ಗಾಜಿನ ಭರಣಿಯಿಂದ ಅದನ್ನು ಈ ಕ್ಷಣ ಹೊರತೆಗೆಯಬೇಕು. ಗಾಜಿನಲ್ಲಿ ಗಾಳಿಯಾಡುವುದಿಲ್ಲ, ಅಷ್ಟೇ ಅಲ್ಲ, ಊಸರವಳ್ಳಿ ಒಂಟಿಯಾಗಿ ಬದುಕುವ ಪ್ರಾಣಿ, ಗಾಜಿನಲ್ಲಿ ಕಾಣುವ ತನ್ನದೇ ಬಿಂಬವನ್ನು ಮತ್ತೊಂದು ಊಸರವಳ್ಳಿಯೆಂದು ಬಗೆದು ಬೆದರುತ್ತದೆ. ಓಡಿಹೋಗಲು ದಾರಿಯಿಲ್ಲ, ಎದುರಿನವನು ಸರಿಯುವುದಿಲ್ಲ. ಆ ಕಪ್ಪು ಬಣ್ಣ ಭಯದ ಬಣ್ಣ.

ಅರಣ್ಯ ಇಲಾಖೆಯ ದೂರವಾಣಿಗೆ ಕರೆ ಮಾಡಿದಾಗ ಅತ್ತ ಕಡೆಯ ಸಿಬ್ಬಂದಿ ಸಮಾಧಾನದಿಂದಲೇ ಮಾತಾಡಿದರು. ಗಾಯವಾಗಿಲ್ಲವೆಂದಾದರೆ, ಅದು ಬಂದ ಜಾಗ ತಿಳಿದಿದ್ದರೆ, ಸುಧಾರಿಸಿಕೊಂಡ ಮೇಲೆ ಅಲ್ಲಿಯೇ ಬಿಟ್ಟುಬಿಡುವುದು ಒಳ್ಳೆಯದೆಂದೂ, ಏನಾದರೂ ತೊಂದರೆ ಕಂಡರೆ ತಿಳಿಸಬೇಕೆಂದೂ ಹೇಳಿದರು. ಮರುದಿನ ಚೌತಿ. ಟೊಂಗೆ ಕಡಿದ ಗುಡ್ಡದ ಜಾಗವನ್ನು ತೋರಿಸಬಲ್ಲವರು ಪಕ್ಕದ ಮನೆಯ ಹಿರಿಯರೊಬ್ಬರೇ. ಅವರಿಗೆ ಪೂಜೆ ಬಿಟ್ಟು ಬರಲಾಗದು. ಪಂಚಮಿಯ ಬೆಳಿಗ್ಗೆ ಹೋಗೋಣವೆಂದರು. ಅವರ ಮನೆಯ ಗಣಪತಿಯೂ ಒಂದೂವರೆ ದಿನದವನೇ. ಹೀಗೆ ನಮ್ಮ ಮನೆಯ ಅತಿಥಿಗೂ ಒಂದೂವರೆ ದಿನದ ವಾಸ್ತವ್ಯ ಗೊತ್ತಾಯಿತು.

ಸಹೋದ್ಯೋಗಿಯವರು ಫೋನಿನಲ್ಲಿ ಹೇಳುತ್ತ ಹೋದಂತೆ ನಾವು ಹೊಸ ಮನೆ ಕಟ್ಟಿದೆವು. ನಮ್ಮ ಮಗಳು ಹಸುಗೂಸಾಗಿದ್ದಾಗ ಬಳಸಿದ, ಕೊಡೆಯಂತೆ ಬಿಚ್ಚುವ ಸೊಳ್ಳೆಪರದೆಯೊಂದು ಅಟ್ಟದ ಮೇಲಿತ್ತು. ಅಂಗಳದ ಕುಂಡದಲ್ಲಿದ್ದ ದಾಸವಾಳದ ಗಿಡವನ್ನು ಒಳಗೆ ತಂದು, ಎತ್ತರದ ಮೇಜಿನ ಮೇಲಿಟ್ಟು, ಅದರ ಸುತ್ತ ಆ ಪರದೆಯನ್ನು ಇಳಿಬಿಟ್ಟೆವು. ಎತ್ತರವೇಕೆಂದರೆ, ಮರದ ಮೇಲೆ ಬದುಕುವ ಈ ಜೀವಿಗೆ ಮೇಲಿನಿಂದ ಬಾಗಿ ನೋಡುವುದೆಲ್ಲ ಹದ್ದು, ಕಾಗೆಗಳಂತೆ ತೋರುತ್ತದೆ. ತಾನು ಮೇಲಿದ್ದು ನೋಡುವವರು ಕೆಳಗಿದ್ದರೆ ಅದಕ್ಕೆ ನೆಮ್ಮದಿ. ಬಟ್ಟಲಿನ ನೀರು ಪ್ರಯೋಜನವಿಲ್ಲ. ನಿಂತ ನೀರನ್ನು ಅದು ನೀರೆಂದು ಗುರುತಿಸುವುದು ಕಡಿಮೆ. ಎಲೆಯ ಮೇಲಿನ ಇಬ್ಬನಿ, ಮಳೆಹನಿಗಳೇ ಅದರ ಕುಡಿಯುವ ನೀರು. ಆದ್ದರಿಂದ ಬೆರಳನ್ನು ನೀರಿನಲ್ಲದ್ದಿ ಎಲೆಗಳ ಮೇಲೆ ಚಿಮುಕಿಸಿದೆವು. ಊಟಕ್ಕೇನು? ಅತಿಯಾಗಿ ಕಳಿತ ಬಾಳೆಹಣ್ಣಿನ ಸಿಪ್ಪೆಯನ್ನು ಕುಂಡದಲ್ಲಿಟ್ಟು ಪರದೆಯ ಒಂದು ಅಂಚನ್ನು ತುಸು ಎತ್ತಿ ಬಿಟ್ಟರೆ, ಹಣ್ಣಿನ ಮೇಲೆ ಮುತ್ತುವ ಪುಟ್ಟ ನೊಣಗಳು ತಾವಾಗಿಯೇ ಬರುತ್ತವೆ. ಮರಿಯ ಬಾಯಿಗೆ ಅವೇ ಸರಿಯಾದ ತುತ್ತು. ಭರಣಿಯಿಂದ ಗಿಡಕ್ಕೆ ದಾಟಿಸುವಾಗಲೂ ಮುಟ್ಟಬಾರದು. ಟೊಂಗೆಯನ್ನು ಗಿಡಕ್ಕೆ ತಾಗಿಸಿ ಹಿಡಿದು ಅದು ತಾನೇ ನಡೆದುಹೋಗುವವರೆಗೆ ಕಾಯಬೇಕು. ಕೊನೆಯ ಸೂಚನೆಯೇ ಎಲ್ಲಕ್ಕಿಂತ ಕಠಿಣವಾಗಿತ್ತು: “ಇಷ್ಟು ಮಾಡಿ ದೀಪ ಆರಿಸಿ, ನೀವು ಆಚೆ ಹೋಗಿ.”

ಟೊಂಗೆಯನ್ನು ಹಿಡಿದು ನಾನು ಇಪ್ಪತ್ತು ನಿಮಿಷ ನಿಂತೆ. ತೋಳು ಸೋಲುತ್ತಿತ್ತು. ಮರಿ ಒಂದು ಹೆಜ್ಜೆಯಿಡುವುದು, ಇಟ್ಟ ಹೆಜ್ಜೆಯಲ್ಲಿಯೇ ಹಿಂದಕ್ಕೂ ಮುಂದಕ್ಕೂ ತೂಗುವುದು, ಮತ್ತೆ ನಿಲ್ಲುವುದು. ಅದರ ಪಾದವನ್ನು ಹತ್ತಿರದಿಂದ ಕಂಡದ್ದು ಆಗಲೇ. ಐದು ಬೆರಳುಗಳು ಎರಡು ಮೂರರ ಗುಂಪಾಗಿ ಒಂದಕ್ಕೊಂದು ಎದುರಾಗಿ ಕೂಡಿಕೊಂಡು ಇಕ್ಕಳದಂತೆ ಕಡ್ಡಿಯನ್ನು ಹಿಡಿಯುತ್ತವೆ. ಹಿಂದಿನ ಕಾಲು ಹಿಡಿತ ಬಿಡುವ ಮುನ್ನ ಬಾಲ ಕಡ್ಡಿಗೆ ಸುತ್ತಿಕೊಂಡಿರುತ್ತದೆ. ಮುಂದಿನದು ಗಟ್ಟಿಯೆಂದು ತಿಳಿಯುವವರೆಗೆ ಹಿಂದಿನದನ್ನು ಬಿಡದ ನಡೆ ಅದು. ಕೊನೆಗೂ ದಾಸವಾಳದ ಎಲೆಗಳೊಳಗೆ ಅದು ಮರೆಯಾದಾಗ, ಪರೀಕ್ಷೆಯ ಕೊಠಡಿಯಿಂದ ಹೊರಬಂದವನಂತೆ ಉಸಿರುಬಿಟ್ಟೆ.

ಅಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಡಿದ್ದು ಮರಿಯೊಂದೇ ಅಲ್ಲ. ಭರಣಿಯ ಮುಂದೆ ಕುಳಿತು ನಾನು ಕೂಗಿದ್ದ ಮಾತು: “ನೋಡಿದಿರಾ, ಬಣ್ಣ ಬದಲಾಯಿಸುತ್ತಿದೆ!” ಈ ಮಾತನ್ನು ನಾನು ಹಿಂದೆಯೂ ಒಮ್ಮೆ ಆಡಿದ್ದೆ. ಆಗ ಎದುರಿಗಿದ್ದುದು ಊಸರವಳ್ಳಿಯಾಗಿರಲಿಲ್ಲ.

ನನ್ನ ಬಾಲ್ಯ ಕಳೆದದ್ದು ನಿಪ್ಪಾಣಿ ಕಡೆಯ ಹಳ್ಳಿಯೊಂದರಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆ, ಐದರಿಂದ ಕನ್ನಡ ಶಾಲೆ. ಮರಾಠಿಯಲ್ಲಿ ನಮಗೆ ಇದ್ದದ್ದು ‘ಸರಡಾ’ ಎಂಬ ಒಂದೇ ಪದ. ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವುದೂ ಸರಡಾ, ಮರದ ಮೇಲೆ ಮೆಲ್ಲಗೆ ನಡೆಯುವುದೂ ಸರಡಾ. ಕನ್ನಡ ಶಾಲೆಗೆ ಬಂದ ಮೇಲೆ ಓತಿಕ್ಯಾತ, ಗೋಸುಂಬೆ, ಊಸರವಳ್ಳಿ ಎಂಬ ಮೂರು ಪದಗಳು ಒಟ್ಟಿಗೆ ದೊರೆತವು. ಬೇಲಿಯ ಮೇಲಿನದು ಓತಿಕ್ಯಾತ. ಮಿಕ್ಕೆರಡು ಮರದ ಮೇಲಿನದಕ್ಕೆ. ಸರಡಾ ಸಂಸ್ಕೃತದ ‘ಸರಟ’ದಿಂದ ಬಂದದ್ದು, ಓತಿ ನಮ್ಮ ದ್ರಾವಿಡ ನುಡಿ, ತಮಿಳಿನ ‘ಓಂದಿ’, ಮಲಯಾಳದ ‘ಓಂದ್’ಗಳ ಒಡಹುಟ್ಟು. ಆದರೆ ಗಾದೆಗಳನ್ನು ನೋಡಿ. ‘ಸರಡ್ಯಾಚೀ ಧಾಂವ್ ಕುಂಪಣಾಪರ್ಯಂತ್’ ಎನ್ನುತ್ತದೆ ಮರಾಠಿ; ಸರಡದ ಓಟ ಬೇಲಿಯವರೆಗೆ. ‘ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ’ ಎನ್ನುತ್ತದೆ ಕನ್ನಡ. ಪದಗಳ ಮೂಲ ಬೇರೆಯಾದರೂ ಎರಡು ಭಾಷೆಗಳೂ ಆ ಪ್ರಾಣಿಯನ್ನು ಒಂದೇ ಬೇಲಿಯ ಬಳಿ ಕಂಡಿವೆ.

ಬೇಲಿಯ ಬಳಿ ಬೆಳೆದ ಹುಡುಗರಾದ ನಮ್ಮ ಗತಿಯೂ ಅದೇ ಆಗಿತ್ತು. ಮರಾಠಿ ಗೆಳೆಯರೊಂದಿಗೆ ಮರಾಠಿ, ಕನ್ನಡ ಗೆಳೆಯರೊಂದಿಗೆ ಕನ್ನಡ. ಹೊಸ ಶಾಲೆಯ ಮೊದಲ ವಾರದಲ್ಲಿಯೇ ನನಗೆ ‘ಊಸರವಳ್ಳಿ’ ಎಂಬ ಅಡ್ಡಹೆಸರು ಬಿತ್ತು. ಅದರ ಸಿಟ್ಟನ್ನು ನಾನು ತೀರಿಸಿಕೊಂಡದ್ದು ಬೇಲಿಯ ಮೇಲಿನ ಓತಿಕ್ಯಾತಗಳ ಮೇಲೆ. ಕೊರಳು ಕೆಂಪಾದ ಓತಿಕ್ಯಾತ ದೂರದಿಂದಲೇ ನೆತ್ತರು ಹೀರುತ್ತದೆಂದು ನಂಬಿ ನಾವು ಕಲ್ಲೆಸೆಯುತ್ತಿದ್ದೆವು. ಗುರಿ ತಪ್ಪದ ಹುಡುಗನೆಂದು ನನಗೆ ಹೆಸರಿತ್ತು. ಆ ಹೆಸರು ಇವರಿಗೇಕೆ ಹೇಳಬೇಕೆಂದು ಇಷ್ಟು ವರ್ಷ ಸುಮ್ಮನಿದ್ದೆ.

ಸಾಹಿತ್ಯವೂ ಈ ಪ್ರಾಣಿಗೆ ಹೆಚ್ಚೇನೂ ಕರುಣೆ ತೋರಿಲ್ಲ. ಭಾಗವತದ ದಶಮಸ್ಕಂಧದಲ್ಲಿ ನೃಗರಾಜ ಒಂದೇ ಗೋವನ್ನು ತಿಳಿಯದೆ ಇಬ್ಬರಿಗೆ ದಾನ ಕೊಟ್ಟ ದೋಷಕ್ಕಾಗಿ ಕೃಕಲಾಸವಾಗಿ, ಎಂದರೆ ಓತಿಯಾಗಿ, ಪಾಳುಬಾವಿಯಲ್ಲಿ ಬೀಳುತ್ತಾನೆ; ಕೃಷ್ಣನ ಕೈ ಸೋಕಿದಾಗಲೇ ಬಿಡುಗಡೆ. ಚೆಕಾಫ್ 1884ರಲ್ಲಿ ಬರೆದ ‘ಊಸರವಳ್ಳಿ’ ಎಂಬ ಸಣ್ಣಕತೆಯಲ್ಲಿ ಪ್ರಾಣಿಯೇ ಇಲ್ಲ. ಬೆರಳು ಕಚ್ಚಿದ ನಾಯಿ ಯಾರದೆಂಬ ಸುದ್ದಿ ಬದಲಾದಂತೆಲ್ಲ ತೀರ್ಪು ಬದಲಿಸುವ ಪೊಲೀಸ್ ಅಧಿಕಾರಿಯಿದ್ದಾನೆ. ನಮ್ಮ ಪತ್ರಿಕೆಗಳಲ್ಲಿ ಪಕ್ಷ ಬದಲಿಸಿದ ರಾಜಕಾರಣಿಯೆಲ್ಲ ಗೋಸುಂಬೆಯೇ. ಓತಿಯೊಂದನ್ನು ವಿಸ್ಮಯದಿಂದ ಹಿಂಬಾಲಿಸಿದ ಕೃತಿಯೆಂದರೆ ನೀವು ಓದಿರುವ ತೇಜಸ್ವಿಯವರ ‘ಕರ್ವಾಲೊ’. ಅದು ಹಾರುವ ಓತಿ.

ಈಗ ಆ ಮಾತಿಗೆ ಬರುತ್ತೇನೆ. ಹಿಂದಿನ ವರ್ಷ ನಮ್ಮ ಐಚ್ಛಿಕ ಕನ್ನಡ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಪ್ರಬಂಧ ಮಂಡಿಸುತ್ತಿದ್ದಳು. ಬಾಗಲಕೋಟೆ ಕಡೆಯಿಂದ ಬಂದು ವಾಸ್ಕೋದಲ್ಲಿ ನೆಲೆಸಿದ ಕುಟುಂಬದ ಹುಡುಗಿ. ಹುಟ್ಟಿದ್ದು ಬೆಳೆದದ್ದು ಗೋವೆಯಲ್ಲಿಯೇ. ಚೆನ್ನಾಗಿಯೇ ಮಾತಾಡುತ್ತಿದ್ದವಳು ನಡುವೆ ಒಂದು ಪದ ಸಿಗದೆ ತಡವರಿಸಿ, ಒಂದು ಇಡೀ ವಾಕ್ಯವನ್ನು ಕೊಂಕಣಿಯಲ್ಲಿ ಹೇಳಿಬಿಟ್ಟಳು. ನಾನು ನಗುತ್ತ, “ನೋಡಿದಿರಾ, ನಮ್ಮ ಊಸರವಳ್ಳಿ ಬಣ್ಣ ಬದಲಾಯಿಸಿತು!” ಎಂದೆ. ತರಗತಿ ನಕ್ಕಿತು. ಅವಳೂ ನಕ್ಕಳು. ಆದರೆ ಆ ಅರ್ಧವರ್ಷ ಮುಗಿಯುವವರೆಗೆ ಅವಳು ತರಗತಿಯಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ. ಹಾಜರಿಗೆ ‘ಎಸ್ ಸರ್’ ಎನ್ನುವುದಷ್ಟೇ. ನನಗದು ಕಂಡಿತ್ತು. ಕಂಡೂ ನಾಚಿಕೆಯ ಸ್ವಭಾವವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಐದನೆಯ ತರಗತಿಯಲ್ಲಿ ಅದೇ ಪದದ ಪೆಟ್ಟು ತಿಂದವನು ನಾನು. ನಲವತ್ತು ವರ್ಷಗಳ ಮೇಲೆ ಅದನ್ನೇ ಎತ್ತಿ ಇನ್ನೊಬ್ಬಳತ್ತ ಎಸೆದಿದ್ದೆ. ಆಗಲೂ ಗುರಿ ತಪ್ಪಿರಲಿಲ್ಲ.

ನಡುರಾತ್ರಿ ಎದ್ದು ಸದ್ದಿಲ್ಲದೆ ಹೋಗಿ ನೋಡಿದೆ. ದೀಪ ಹಾಕಲಿಲ್ಲ, ಕಿಟಕಿಯಿಂದ ಬೀದಿದೀಪದ ಮಂದ ಬೆಳಕಿತ್ತು. ಗಿಡದ ತುದಿಯ ಕಡ್ಡಿಯ ಮೇಲೆ ಮರಿ ಮಲಗಿತ್ತು. ಬಾಲ ಬಿಗಿಯಾದ ಸುರುಳಿಯಾಗಿತ್ತು. ಕಣ್ಣುಗಳು ಮುಚ್ಚಿದ್ದವು. ಮೈಬಣ್ಣ ಹಸಿರೂ ಅಲ್ಲ, ಕಪ್ಪೂ ಅಲ್ಲ. ಹಾಲಿಗೆ ಒಂದೆರಡು ಹನಿ ಎಲೆಯ ರಸ ಬೆರೆಸಿದಂತಹ ಬಿಳುಪು. ನಿದ್ದೆಯಲ್ಲಿ ಊಸರವಳ್ಳಿಗಳು ಹೀಗೆ ಬಿಳಿಚಿಕೊಳ್ಳುತ್ತವೆಂದು ಆಮೇಲೆ ಓದಿ ತಿಳಿದೆ. ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲದ ಹೊತ್ತಿನಲ್ಲಿ ಅದರ ಬಣ್ಣ ಅದು.

ಚೌತಿಯ ದಿನ ಬೆಳಿಗ್ಗೆ, ಸೂಚನೆಯಂತೆ ಪರದೆಯ ಹತ್ತಿರ ಹೋಗದೆ ಬಾಗಿಲ ಬಳಿಯೇ ಕುಳಿತೆ. ಬಿಸಿಲು ಎಲೆಗಳಿಗೆ ಬಿದ್ದಾಗ ಮರಿ ಬಿಸಿಲ ಕಡೆಯ ಪಕ್ಕೆಯನ್ನಷ್ಟೇ ಕಪ್ಪಾಗಿಸಿಕೊಂಡು ಚಪ್ಪಟೆಯಾಗಿ ನಿಂತಿತು. ಶಾಖ ಹೀರಿಕೊಳ್ಳಲು ಅದರ ಉಪಾಯ. ಮೈ ಬೆಚ್ಚಗಾದಂತೆ ನಿಧಾನವಾಗಿ ಹಸಿರಿಗೆ ಬಂತು. ಎಲೆಯ ಹನಿಯೊಂದನ್ನು ಬಾಯಿಯಿಂದ ಒರೆಸಿಕೊಂಡಂತೆ ಕುಡಿಯಿತು. ಹತ್ತು ಗಂಟೆಯ ಸುಮಾರಿಗೆ, ಅದುವರೆಗೆ ದಿಕ್ಕಿಗೊಂದಾಗಿ ತಿರುಗುತ್ತಿದ್ದ ಎರಡೂ ಕಣ್ಣುಗಳು ಒಂದೇ ಕಡೆ ನೆಟ್ಟವು. ಬಾಳೆಸಿಪ್ಪೆಯಿಂದೆದ್ದ ನೊಣವೊಂದು ಎಲೆಯ ಮೇಲೆ ಕೂತಿತ್ತು. ಮುಂದಿನದನ್ನು ನಾನು ಕಂಡೆನೆಂದು ಹೇಳಲಾರೆ. ನೊಣ ಇತ್ತು, ಆಮೇಲೆ ಇರಲಿಲ್ಲ. ಮೈಗಿಂತ ಉದ್ದದ ನಾಲಗೆ ಹೋಗಿ ಬಂದಿತ್ತು. ಪಕ್ಕದ ಮನೆಯಲ್ಲಿ ಆರತಿಯ ಜಾಗಟೆ ಮೊಳಗುತ್ತಿತ್ತು. ನಮ್ಮ ಮನೆಯಲ್ಲಿಯೂ ನೈವೇದ್ಯ ಸಂದಿತೆಂದು ಹೆಂಡತಿ ಹೇಳಿದಳು.

ಆ ಮಧ್ಯಾಹ್ನವೆಲ್ಲ ನಾನು ಓದಿದೆ. ಜಗತ್ತಿನಲ್ಲಿ ಊಸರವಳ್ಳಿಯ ಪ್ರಭೇದಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿವೆ. ನಮ್ಮಲ್ಲಿರುವ ಭಾರತೀಯ ಊಸರವಳ್ಳಿಗೆ 1768ರಲ್ಲಿ ಲಾರೆಂಟಿ ಎಂಬ ವಿಜ್ಞಾನಿ ಸಿಂಹಳದ ಹೆಸರಿಟ್ಟು ‘ಝೈಲಾನಿಕಸ್’ ಎಂದು ಕರೆದ. ತಾಯಿ ಮರದಿಂದಿಳಿದು ನೆಲ ಬಗೆದು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಮಣ್ಣು ಸರಿಸಿ ಹೊರಬಂದ ಮರಿಗೆ ಮೊದಲ ದಿನದಿಂದಲೇ ತನಗೆ ತಾನೇ ದಿಕ್ಕು. ಬಣ್ಣದ ವಿಷಯದಲ್ಲಿ ನನ್ನ ತಿಳಿವಳಿಕೆಯೆಲ್ಲ ತಲೆಕೆಳಗಾಯಿತು. ಊಸರವಳ್ಳಿ ತಾನು ಕೂತ ಜಾಗದ ಬಣ್ಣವನ್ನು ಅನುಕರಿಸಿ ಮೋಸ ಮಾಡುವುದಕ್ಕಾಗಿ ಬದಲಾಗುತ್ತದೆಂಬುದು ಬಹುಮಟ್ಟಿಗೆ ನಮ್ಮ ಕಲ್ಪನೆ. ಚಳಿ, ಬಿಸಿಲು, ಭಯ, ಸಿಟ್ಟು, ಒಲವು ಇವೇ ಮುಖ್ಯ ಕಾರಣಗಳು. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಮಡಗಾಸ್ಕರಿನ ಒಂದು ಪ್ರಭೇದದಲ್ಲಿ ತೋರಿಸಿಕೊಟ್ಟಂತೆ, ಚರ್ಮದ ಜೀವಕೋಶಗಳೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರ ಹಿಗ್ಗಿ ಕುಗ್ಗುವುದರಿಂದ ಅವು ಪ್ರತಿಫಲಿಸುವ ಬೆಳಕು ಬೇರೆಯಾಗುತ್ತದೆ. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಒತ್ತಾಗಿರುತ್ತವೆ. ಕೆರಳಿದಾಗ ದೂರ ಸರಿಯುತ್ತವೆ. ಹಾಗಾದರೆ ಬಣ್ಣ ಬದಲಾಯಿಸುವುದು ಮುಚ್ಚಿಡುವ ಕ್ರಿಯೆಯಲ್ಲ, ಒಳಗಿರುವುದನ್ನು ಹೇಳುವ ಕ್ರಿಯೆ. ಭರಣಿಯೊಳಗಿಂದ ಆ ಮರಿ ತನಗೆ ತಿಳಿದ ಒಂದೇ ಭಾಷೆಯಲ್ಲಿ ನನಗೆ ಹೇಳುತ್ತಿತ್ತು. ನಾನು ಅದನ್ನು ತಮಾಷೆಯಾಗಿ ನೋಡುತ್ತಿದ್ದೆ.

ಪಂಚಮಿಯ ಬೆಳಿಗ್ಗೆ ನೆರೆಯ ಹಿರಿಯರೂ ನಾನೂ ಅವರ ಸ್ಕೂಟರಿನಲ್ಲಿ ಹೊರಟೆವು. ದಾಸವಾಳದ ಆ ಕಡ್ಡಿಯನ್ನೇ ಕತ್ತರಿಸಿ, ತೂತುಗಳಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅಲುಗದಂತೆ ನಿಲ್ಲಿಸಿಕೊಂಡಿದ್ದೆ. ಗುಡ್ಡದ ಬುಡದಲ್ಲಿ ಅವರು ಟೊಂಗೆ ಕಡಿದ ಪೊದೆ ಇನ್ನೂ ಹಸಿಯಾಗಿಯೇ ಇತ್ತು. ಕಡ್ಡಿಯನ್ನು ಪೊದೆಗೆ ತಾಗಿಸಿ ಹಿಡಿದು ಕಾದೆ. ಈ ಬಾರಿ ಇಪ್ಪತ್ತು ನಿಮಿಷ ಬೇಕಾಗಲಿಲ್ಲ. ಎರಡು ಸಲ ತೂಗಿ, ಮೂರನೆಯ ಸಲಕ್ಕೆ ದಾಟಿ, ಎಲೆಗಳ ನಡುವೆ ಸೇರಿಕೊಂಡಿತು. ಕಣ್ಣು ಕೀಲಿಸಿ ನೋಡುತ್ತಿದ್ದರೂ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಹಿರಿಯರು ಕೈಮುಗಿದು, ಗಣಪತಿಯನ್ನು ಕಳುಹಿಸುವಾಗ ಹೇಳುವ “ಪುಢಚ್ಯಾ ವರ್ಷೀ ಲವಕರ ಯಾ” ಎಂಬ ಮಾತನ್ನೇ ಹೇಳಿ ನಕ್ಕರು. ಮುಂದಿನ ವರ್ಷ ಟೊಂಗೆಗಳನ್ನು ಒಮ್ಮೆ ಜಾಡಿಸಿ ನೋಡಿಯೇ ಹೊರೆ ಕಟ್ಟುತ್ತೇನೆಂದೂ ಸೇರಿಸಿದರು.

ಚೌತಿಯ ರಜೆ ಮುಗಿದು ಕಾಲೇಜು ತೆರೆದ ಮೊದಲ ದಿನ ಆ ವಿದ್ಯಾರ್ಥಿನಿಯ ತರಗತಿಯಲ್ಲಿ ಈ ಕಥೆಯನ್ನೆಲ್ಲ ಹೇಳಿದೆ. ಕೊನೆಗೆ, ಹಿಂದಿನ ವರ್ಷ ನಾನಾಡಿದ ಮಾತನ್ನು ನೆನಪಿಸಿ, ಎಲ್ಲರೆದುರು ಆಡಿದ್ದರಿಂದ ಎಲ್ಲರೆದುರೇ ಕ್ಷಮೆ ಕೇಳಿದೆ. ಅವಳು ತಲೆತಗ್ಗಿಸಿ ಕುಳಿತಿದ್ದಳು. ತರಗತಿ ಮುಗಿದ ಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತು ಹೇಳಿದಳು: “ಸರ್, ಮನ್ಯಾಗ ಕೊಂಕಣಿ ಬಂದ್ರ ಅವ್ವ ಬೈತಾಳ. ಹೊರಗ ಕನ್ನಡ ಬಂದ್ರ ಗೆಳತ್ಯಾರು ನಗತಾರ. ನಿಮ್ಮ ಕ್ಲಾಸಿನ್ಯಾಗ ಎರಡೂ ನಡೀತಾವ ಅಂತ ತಿಳಕೊಂಡಿದ್ದೆ. ಅದಕ್ಕ ಅವತ್ತು ಹಂಗಾತು.”

ನನ್ನ ಬಳಿ ಉತ್ತರವಿರಲಿಲ್ಲ. “ಇನ್ನು ಮುಂದೆ ನಡೆಯುತ್ತವೆ,” ಎಂದೆ. ಆ ಮಾತು ಉಳಿಯಿತೋ ಇಲ್ಲವೋ ಎಂಬುದನ್ನು ಅವಳೇ ಹೇಳಬೇಕು. ಅವಳು ಈಗಲೂ ಕಡಿಮೆಯೇ ಮಾತಾಡುತ್ತಾಳೆ. ಇಪ್ಪತ್ತು ನಿಮಿಷ ತೋಳು ಚಾಚಿ ನಿಂತದ್ದನ್ನು ನೆನೆದು ನಾನೂ ಅವಸರ ಮಾಡುವುದಿಲ್ಲ.

ಕೊನೆಗೆ ನಿಮ್ಮೆಲ್ಲರಿಗೆ ಒಂದು ಕೆಲಸ. ನಿಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಈ ಪ್ರಾಣಿಯನ್ನು ಏನೆಂದು ಕರೆಯುತ್ತಾರೆ, ಅದರ ಬಗ್ಗೆ ಏನು ನಂಬುತ್ತಾರೆ ಎಂಬುದನ್ನು ಕೇಳಿ ಬರೆದು ತನ್ನಿ. ಕನ್ನಡವಾಗಲಿ, ಕೊಂಕಣಿಯಾಗಲಿ, ಮರಾಠಿಯಾಗಲಿ, ಲಂಬಾಣಿಯಾಗಲಿ, ಕೇಳಿದಂತೆಯೇ ಬರೆಯಿರಿ. ವಿಭಾಗದ ಫಲಕದಲ್ಲಿ ಹಾಳೆ ಅಂಟಿಸಿದ್ದೇನೆ. ಈವರೆಗೆ ಅದರಲ್ಲಿ ಆರು ಪದಗಳಿವೆ. ಮೊದಲ ನಾಲ್ಕು ನನ್ನವು. ಕೆಳಗಿನ ಎರಡು, ಒಂದು ಕನ್ನಡದ್ದು, ಒಂದು ಕೊಂಕಣಿಯದು, ಒಂದೇ ಕೈಬರಹದಲ್ಲಿವೆ. ಅದು ಯಾರ ಬರಹವೆಂದು ನನಗೆ ಗೊತ್ತು.